ಬಾಂಡ್ಸ್ ಹೊರಗೆ, ಓರ್ಟೀಜ್ ಒಳಗೆ: ಸ್ಟೀರಾಯ್ಡ್ ಆರೋಪಕ್ಕೂ ಜರ್ಸಿಯ ಬಣ್ಣ ನೋಡ್ತಾರಾ?

ಕಿತ್ತಳೆಕಪ್ಪು, ಫ್ರೀಮಾಂಟ್

ಜೆಫ್ ಕೆಂಟ್ ಅಮೆರಿಕದ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ (ಶ್ರೇಷ್ಠ ಆಟಗಾರರ ಗೌರವ ಮಂದಿರಕ್ಕೆ) ಆಯ್ಕೆಯಾದಾಗಿನಿಂದ ಈ ವಿಷಯ ತಲೆ ಕೊರೆಯುತ್ತಿದೆ. ಕೆಂಟ್ ಬಗ್ಗೆ ನನ್ನ ತಕರಾರಿಲ್ಲ. ಎರಡನೇ ಬೇಸ್‌ನಲ್ಲಿ ಆಡಿ ಅವರಷ್ಟು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದವರು ಇನ್ನೊಬ್ಬರಿಲ್ಲ. ಆದರೆ 2025ರ ಡಿಸೆಂಬರ್‌ನಲ್ಲಿ ಕೂತ ಅದೇ 16 ಜನರ ಸಮಿತಿ ಕೆಂಟ್‌ಗೆ 14 ಮತ ಕೊಟ್ಟು, ಅವರ ಜೊತೆಗೇ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡಕ್ಕೆ ಆಡಿದ ಬ್ಯಾರಿ ಬಾಂಡ್ಸ್‌ಗೆ 5 ಮತವನ್ನೂ ಕೊಡಲಿಲ್ಲ. 762 ಹೋಮ್ ರನ್, 7 ಸಲ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ). ಅಂಥವನಿಗೆ 5 ಮತ ಇಲ್ಲ.

ಅದಕ್ಕಿಂತ ಜಾಸ್ತಿ ನೋಯಿಸಿದ್ದು 2022ರ ಪತ್ರಕರ್ತರ ಮತದಾನ. ಒಳಗೆ ಹೋಗಲು ಶೇ. 75 ಬೇಕು. ಬಾಸ್ಟನ್ ರೆಡ್ ಸಾಕ್ಸ್‌ನ ಡೇವಿಡ್ ಓರ್ಟೀಜ್‌ಗೆ ಶೇ. 77.9 ಬಂತು, ಮೊದಲ ವರ್ಷವೇ ಒಳಗೆ. ಬಾಂಡ್ಸ್‌ಗೆ ಅದು ಹತ್ತನೇ ಮತ್ತು ಕೊನೆಯ ವರ್ಷ. ಶೇ. 66ಕ್ಕೆ ನಿಂತಿತು. ಬಾಸ್ಟನ್‌ಗೂ ನ್ಯೂಯಾರ್ಕ್ ಯಾಂಕೀಸ್‌ಗೂ ಆಡಿದ ಪಿಚರ್ (ಚೆಂಡು ಎಸೆಯುವವನು) ರೋಜರ್ ಕ್ಲೆಮೆನ್ಸ್‌ಗೂ ಹೆಚ್ಚುಕಮ್ಮಿ ಅಷ್ಟೇ. ಮೂವರ ಹೆಸರೂ ಡ್ರಗ್ಸ್ ವಿಷಯದಲ್ಲಿ ಕೇಳಿಬಂದಿದೆ. ಮೂವರನ್ನೂ ಲೀಗ್ ಸ್ಟೀರಾಯ್ಡ್‌ಗಾಗಿ ಒಂದು ಪಂದ್ಯ ಕೂಡ ಹೊರಗೆ ಕೂರಿಸಿಲ್ಲ. ಆಮೇಲೂ ಒಬ್ಬರ ಕಣ್ಣಿಗೆ ಬೆಣ್ಣೆ, ಇಬ್ಬರ ಕಣ್ಣಿಗೆ ಸುಣ್ಣ.

ಬಾಂಡ್ಸ್ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ನಾನು ಕೇಳುವುದು, ಯಾವುದರ ಮೇಲೆ ತೀರ್ಮಾನ ಮಾಡ್ತೀರಿ? ಪರೀಕ್ಷೆಯ ಫಲಿತಾಂಶವಾ? ಕೋರ್ಟ್ ತೀರ್ಪಾ? ಪತ್ರಿಕೆಯ ಸುದ್ದಿಯಾ? ಅಥವಾ ನಗುನಗುತ್ತ ಮಾತಾಡಿದವನಿಗೆ ಮಾಫಿ, ಮುಖ ಗಂಟಿಕ್ಕಿದವನಿಗೆ ಶಿಕ್ಷೆಯಾ? ಎಲ್ಲ ತಂಡದವರೂ ಇಲ್ಲಿದ್ದೀರಿ. ಹೇಳಿ.

ಫೆನ್ವೇಹತ್ರ, ಬಾಸ್ಟನ್

ಓರ್ಟೀಜ್‌ನನ್ನೂ ಬಾಂಡ್ಸ್‌ನನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸಾರ್. ಓರ್ಟೀಜ್ ಮೇಲಿರುವ ಆರೋಪಕ್ಕೆ ಮೂಲ 2003ರ ಪರೀಕ್ಷೆ. ಅದು ಶಿಕ್ಷೆಗಾಗಿ ಮಾಡಿದ್ದೇ ಅಲ್ಲ. ಎಷ್ಟು ಜನ ತಗೊಳ್ತಿದ್ದಾರೆ ಅಂತ ತಿಳಿಯಲು, ಹೆಸರು ಹೊರಗೆ ಬರುವುದಿಲ್ಲ ಅಂತ ಮಾತು ಕೊಟ್ಟು ಮಾಡಿದ ಸರ್ವೆ. ಶೇ. 5ಕ್ಕಿಂತ ಜಾಸ್ತಿ ಪಾಸಿಟಿವ್ ಬಂದರೆ ಮುಂದಿನ ವರ್ಷದಿಂದ ಶಿಕ್ಷೆ ಇರುವ ಪರೀಕ್ಷೆ ಶುರು ಅಂತ ಒಪ್ಪಂದ. ಬಂತು, ಶುರುವಾಯ್ತು.

ಪಾಸಿಟಿವ್ ಬಂದವರ ಪಟ್ಟಿ ಸರ್ಕಾರದ ಕೈಗೆ ಸಿಕ್ಕಿ, 2009ರಲ್ಲಿ ಒಂದೊಂದೇ ಹೆಸರು ಪತ್ರಿಕೆಗೆ ಸೋರಿತು. ಯಾವ ವಸ್ತು ಸಿಕ್ಕಿತ್ತು ಅಂತ ಓರ್ಟೀಜ್‌ಗೆ ಇವತ್ತಿಗೂ ಯಾರೂ ಹೇಳಿಲ್ಲ. 2016ರಲ್ಲಿ ಲೀಗ್‌ನ ಮುಖ್ಯಸ್ಥರಾದ ಕಮಿಷನರ್ ಮ್ಯಾನ್‌ಫ್ರೆಡ್ ಅವರೇ, ಆ ಪಟ್ಟಿಯ 10ಕ್ಕೂ ಹೆಚ್ಚು ಹೆಸರುಗಳ ಬಗ್ಗೆ ಅನುಮಾನ ಇತ್ತು, ಅಂಗಡಿಯಲ್ಲಿ ಸಿಗುವ ಪೂರಕಗಳಿಂದಲೂ ಹಾಗೆ ಬಂದಿರಬಹುದು ಅಂದರು. 2004ರಿಂದ 2016ರವರೆಗೆ, ಅಂದರೆ ನಿಜವಾದ ಪರೀಕ್ಷೆಗಳ ಕಾಲದಲ್ಲಿ, ಓರ್ಟೀಜ್ ಒಂದು ಸಲವೂ ಸಿಕ್ಕಿಬಿದ್ದಿಲ್ಲ. ಇದಕ್ಕಿಂತ ಇನ್ನೇನು ಬೇಕು?

ಬ್ರಾಂಕ್ಸ್‌ಬಸ್, ನ್ಯೂ ಜೆರ್ಸಿ

"ಸೋರಿದ ಪಟ್ಟಿಯನ್ನು ನಂಬಬೇಡಿ" ಅಂತ ಈಗ ಹೇಳ್ತೀರಲ್ಲ, ಅದೇ ಪಟ್ಟಿಯಿಂದ 2009ರ ಫೆಬ್ರವರಿಯಲ್ಲಿ ನಮ್ಮ ಯಾಂಕೀಸ್‌ನ ಎ-ರಾಡ್ (ಅಲೆಕ್ಸ್ ರಾಡ್ರಿಗೆಜ್) ಹೆಸರು ಸೋರಿದಾಗ ಬಾಸ್ಟನ್‌ನಲ್ಲಿ ಯಾರಾದರೂ ಈ ಮಾತು ಹೇಳಿದ್ರಾ? ನಿಮ್ಮ ಊರಿನ ಫೆನ್ವೇಯಲ್ಲಿ ಇಡೀ ಸ್ಟೇಡಿಯಂ ಕೂಗಿ ಹಂಗಿಸಿತು. ಐದು ತಿಂಗಳ ಮೇಲೆ ಓರ್ಟೀಜ್, ಅವನ ಜೊತೆ ಬಾಸ್ಟನ್‌ಗೆ ಆಡಿದ್ದ ಮ್ಯಾನಿ ರಾಮಿರೆಜ್ ಹೆಸರು ಬಂದಾಗ ಮಾತ್ರ ಸೋರಿಕೆ ತಪ್ಪು ಅನ್ನಿಸಿತು.

ಫೆನ್ವೇಹತ್ರ, ಬಾಸ್ಟನ್

ಎ-ರಾಡ್ ತಾನೇ ಟಿವಿಯಲ್ಲಿ ಕೂತು ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಪಟ್ಟಿ ಸರಿಯಾ ತಪ್ಪಾ ಅನ್ನುವ ಪ್ರಶ್ನೆಯೇ ಬರಲ್ಲ.

ಬ್ರಾಂಕ್ಸ್‌ಬಸ್, ನ್ಯೂ ಜೆರ್ಸಿ

ಅಂದರೆ ನಿಜ ಹೇಳಿದವನಿಗೇ ಜಾಸ್ತಿ ಪೆಟ್ಟು. ನಮ್ಮ ಪಿಚರ್ ಆಂಡಿ ಪೆಟ್ಟಿಟ್‌ಗೂ ಹಾಗೇ ಆಯ್ತು. ಮೊಣಕೈ ಗಾಯ ಬೇಗ ವಾಸಿಯಾಗಲಿ ಅಂತ ಎಚ್‌ಜಿಎಚ್ (ಬೆಳವಣಿಗೆಯ ಹಾರ್ಮೋನ್) ತಗೊಂಡೆ ಅಂತ ಒಪ್ಪಿಕೊಂಡರು. ಅವರಿಗೆ ಇನ್ನೂ ಬಾಗಿಲು ತೆರೆದಿಲ್ಲ.

ನೀಲಿಟೋಪಿ, ಇರ್ವೈನ್

ಕಿತ್ತಳೆಕಪ್ಪು ಅವರೇ, ನಾನು ಜೈಂಟ್ಸ್‌ನ ಹಳೇ ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಕಡೆಯವನು. ಅದು ಗೊತ್ತಿದ್ದೇ ಓದಿ. ಬಾಂಡ್ಸ್ ಮೇಲಿರುವುದು ಬರೀ ಗಾಳಿಸುದ್ದಿ ಅಲ್ಲ. 2003ರಲ್ಲಿ ಗ್ರ್ಯಾಂಡ್ ಜ್ಯೂರಿ (ಕೇಸ್ ಹಾಕಬೇಕಾ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಅವರೇ ಹೇಳಿದ್ದು: ಟ್ರೇನರ್ ಗ್ರೆಗ್ ಆಂಡರ್ಸನ್ ಕೊಟ್ಟ ದ್ರವವನ್ನೂ ಮುಲಾಮನ್ನೂ ಬಳಸಿದೆ, ಅಗಸೆ ಎಣ್ಣೆ ಮತ್ತು ಕೀಲುನೋವಿನ ಮುಲಾಮು ಅಂದುಕೊಂಡಿದ್ದೆ ಅಂತ. ಆ ಆಂಡರ್ಸನ್ ಬಾಲ್ಕೋ ಕೇಸಿನಲ್ಲಿ ತಪ್ಪೊಪ್ಪಿಕೊಂಡವನು. ಬಾಂಡ್ಸ್ ವಿರುದ್ಧ ಸಾಕ್ಷಿ ಹೇಳಲ್ಲ ಅಂತ ಮತ್ತೆ ಮತ್ತೆ ಜೈಲಿಗೆ ಹೋದವನು.

2000ದವರೆಗೂ ಬಾಂಡ್ಸ್ ಒಂದು ಸೀಸನ್‌ನಲ್ಲಿ 49ಕ್ಕಿಂತ ಜಾಸ್ತಿ ಹೋಮ್ ರನ್ ಹೊಡೆದಿರಲಿಲ್ಲ. 37 ತುಂಬಿದ ವರ್ಷ 73. ಜಗತ್ತಿನ ಅತಿ ದೊಡ್ಡ ಆಟಗಾರ ತನ್ನ ಬಾಯಿಗೆ, ಮೈಗೆ ಏನು ಹೋಗುತ್ತಿದೆ ಅಂತ ಕೇಳಲಿಲ್ಲ ಅನ್ನುವುದನ್ನು ನಂಬಬೇಕಾ?

ಜಯನಗರ4ನೇಬ್ಲಾಕ್, ಬೆಂಗಳೂರು

ನಾನು ಈ ಆಟಕ್ಕೆ ಹೊಸಬ. ತಮ್ಮ ಅಲ್ಲಿರುವುದರಿಂದ ಈಗೀಗ ನೋಡೋಕೆ ಶುರು ಮಾಡಿದ್ದೀನಿ. ಬಾಲ್ಕೋ ಅಂದರೆ ಏನು?

ಅಂಕಿಪ್ರಿಯ, ಸನಿವೇಲ್

ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್ ದಾಟಿ ಸ್ವಲ್ಪ ದಕ್ಷಿಣಕ್ಕೆ ಬಂದರೆ ಬರ್ಲಿಂಗೇಮ್ ಅಂತ ಊರು ಸಿಗುತ್ತೆ. ಅಲ್ಲಿ ವಿಕ್ಟರ್ ಕಾಂಟೆ ನಡೆಸುತ್ತಿದ್ದ ಲ್ಯಾಬ್ ಅದು. ಮೇಲ್ನೋಟಕ್ಕೆ ಪೋಷಕಾಂಶ ಪೂರಕಗಳ ವ್ಯಾಪಾರ. ಒಳಗೆ ಓಟಗಾರರಿಗೆ, ಫುಟ್‌ಬಾಲ್ ಮತ್ತು ಬೇಸ್‌ಬಾಲ್ ಆಟಗಾರರಿಗೆ ಡ್ರಗ್ಸ್.

ಅದರಲ್ಲಿ ಟಿಎಚ್‌ಜಿ ಅನ್ನುವ ಸ್ಟೀರಾಯ್ಡ್ ಮುಖ್ಯ. ಆಗಿನ ಯಾವ ಪರೀಕ್ಷೆಗೂ ಅದು ಸಿಗುತ್ತಿರಲಿಲ್ಲ. ಪರೀಕ್ಷೆ ಅಂದರೆ ಗೊತ್ತಿರುವ ವಸ್ತುಗಳ ಗುರುತನ್ನು ಮೂತ್ರದಲ್ಲಿ ಹುಡುಕುವುದು. ಇದರ ಗುರುತು ಯಾರ ಬಳಿಯೂ ಇರಲಿಲ್ಲ. 2003ರಲ್ಲಿ ಒಬ್ಬ ಅಥ್ಲೆಟಿಕ್ಸ್ ಕೋಚ್, ಬಳಸಿದ ಸಿರಿಂಜನ್ನು ಡೋಪಿಂಗ್ ನಿಯಂತ್ರಣ ಸಂಸ್ಥೆಗೆ ಕಳಿಸಿದ. ಯುಸಿಎಲ್ಎಯ ಡಾನ್ ಕ್ಯಾಟ್ಲಿನ್ ಅವರ ಲ್ಯಾಬ್ ಅದರಲ್ಲಿದ್ದ ವಸ್ತುವನ್ನು ಪತ್ತೆ ಮಾಡಿ ಪರೀಕ್ಷೆಯನ್ನೂ ತಯಾರು ಮಾಡಿತು. ಅದಾದ ಮೇಲೆ ಬಾಂಡ್ಸ್‌ನ 2003ರ ಸರ್ವೆ ಮಾದರಿಯನ್ನು ಸರ್ಕಾರ ಮತ್ತೆ ಪರೀಕ್ಷೆ ಮಾಡಿಸಿದಾಗ ಟಿಎಚ್‌ಜಿ ಸಿಕ್ಕಿತು. ಇದು ಕೋರ್ಟ್ ಕಾಗದಪತ್ರದಲ್ಲಿ ಇದೆ. "ಬಾಂಡ್ಸ್ ಯಾವತ್ತೂ ಪಾಸಿಟಿವ್ ಬಂದಿಲ್ಲ" ಅನ್ನುವ ಮಾತನ್ನು ನಮ್ಮ ಜೈಂಟ್ಸ್ ಕಡೆಯವರು ಬಿಡಬೇಕು. ನಾನೂ ಜೈಂಟ್ಸ್ ಕಡೆಯವನೇ.

ಕಿತ್ತಳೆಕಪ್ಪು, ಫ್ರೀಮಾಂಟ್

ನಾನು ಹೇಳಿದ್ದು ಲೀಗ್ ಶಿಕ್ಷೆ ಕೊಟ್ಟಿಲ್ಲ ಅಂತ. ಎರಡೂ ಬೇರೆ. ಆ ಸರ್ವೆ ಮಾದರಿ ಓರ್ಟೀಜ್ ವಿಷಯದಲ್ಲಿ ಲೆಕ್ಕಕ್ಕಿಲ್ಲ ಅನ್ನುವುದಾದರೆ ಬಾಂಡ್ಸ್ ವಿಷಯದಲ್ಲೂ ಲೆಕ್ಕಕ್ಕಿಲ್ಲ. ಎರಡರ ಹಿಂದೆಯೂ ಅದೇ "ಗುಟ್ಟಾಗಿ ಇಡ್ತೀವಿ" ಅನ್ನುವ ಮಾತಿದೆ. ಮೇಲ್ಮನವಿ ಕೋರ್ಟ್ ಕೂಡ ಸರ್ಕಾರ ಆ ಪಟ್ಟಿಯನ್ನು ಪೂರ್ತಿ ಎತ್ತಿಕೊಂಡು ಹೋದದ್ದು ತಪ್ಪು ಅಂದಿದೆ.

ಕೋರ್ಟ್ ಮಾತು ಬಂತಲ್ಲ. ಗ್ರ್ಯಾಂಡ್ ಜ್ಯೂರಿ ಮುಂದೆ ಸುಳ್ಳು ಹೇಳಿದ ಅಂತ ಬಾಂಡ್ಸ್ ಮೇಲೆ 2007ರಲ್ಲಿ ಕೇಸ್, 2011ರಲ್ಲಿ ಸುಳ್ಳು ಸಾಕ್ಷಿಯ ಆರೋಪಗಳ ಮೇಲೆ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಉಳಿದದ್ದು ನ್ಯಾಯಕ್ಕೆ ಅಡ್ಡಿ ಅನ್ನುವ ಒಂದೇ ಒಂದು ಆರೋಪ. ಅದೂ 2015ರಲ್ಲಿ ಬಿದ್ದುಹೋಯ್ತು. ಕ್ಲೆಮೆನ್ಸ್ 2012ರಲ್ಲಿ ಎಲ್ಲ ಆರೋಪಗಳಿಂದ ಖುಲಾಸೆ. ಸರ್ಕಾರ ವರ್ಷಗಟ್ಟಲೆ ಬೆನ್ನುಹತ್ತಿ ಸಾಬೀತು ಮಾಡಲಾಗದ್ದನ್ನು 16 ಜನ ಒಂದು ಕೋಣೆಯಲ್ಲಿ ಕೂತು ತೀರ್ಮಾನ ಮಾಡ್ತಾರೆ.

ನೀಲಿಟೋಪಿ ಅವರೇ, ಒಂದು ಪ್ರಶ್ನೆ. ನಿಮ್ಮ ಪಿಚರ್ ಆಗಿದ್ದ ಎರಿಕ್ ಗಾನ್ಯೆ ಬಗ್ಗೆ ನಿಮ್ಮವರು ಯಾಕೆ ಸುಮ್ಮನಿದ್ದಾರೆ? ಸತತ 84 ಸೇವ್ (ಕೊನೆಯಲ್ಲಿ ಬಂದು ಗೆಲುವು ಉಳಿಸುವುದು), 2003ರ ಸೈ ಯಂಗ್ (ಅತ್ಯುತ್ತಮ ಪಿಚರ್ ಪ್ರಶಸ್ತಿ). ಡ್ರಗ್ಸ್ ಬಗ್ಗೆ ಲೀಗ್ ಮಾಡಿಸಿದ ತನಿಖೆಯ ಮಿಚೆಲ್ ವರದಿಯಲ್ಲಿ ಹೆಸರಿದೆ. ಆಗ ನಿಮ್ಮ ಕ್ಯಾಚರ್ ಆಗಿದ್ದ ಪಾಲ್ ಲೊ ಡುಕಾ ಹೆಸರೂ ಇದೆ. ಮ್ಯಾನಿ ರಾಮಿರೆಜ್ 2009ರಲ್ಲಿ ಡಾಡ್ಜರ್ಸ್‌ನಲ್ಲಿ ಇದ್ದಾಗಲೇ 50 ಪಂದ್ಯ ಹೊರಗೆ ಕೂತ. ವಾಪಸ್ ಬಂದಾಗ ನಿಮ್ಮ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ನೀಲಿಟೋಪಿ, ಇರ್ವೈನ್

ಗಾನ್ಯೆ ಹಾಲ್ ಆಫ್ ಫೇಮ್‌ನಲ್ಲಿ ಇಲ್ಲ. ಬೇಕು ಅಂತ ಡಾಡ್ಜರ್ಸ್ ಕಡೆಯ ಯಾರೂ ಕೇಳಿಲ್ಲ. ಮ್ಯಾನಿಗೆ ಚಪ್ಪಾಳೆ ಹೊಡೆದದ್ದು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸಲ್ಲ.

ಆದರೆ ನಮಗೂ ನೋವಿದೆ, ಅದನ್ನೂ ಕೇಳಿ. 2011ರಲ್ಲಿ ನಮ್ಮ ಮ್ಯಾಟ್ ಕೆಂಪ್ ಎಂವಿಪಿ ಆಗಬೇಕಿತ್ತು. ಮಿಲ್ವಾಕೀಯ ರಯಾನ್ ಬ್ರೌನ್‌ಗೆ ಕೊಟ್ಟರು. ಬ್ರೌನ್ ಪಾಸಿಟಿವ್ ಬಂದ. ಆಮೇಲೆ ಮಾದರಿಯನ್ನು ತಕ್ಷಣ ಕೊರಿಯರ್‌ಗೆ ಕೊಡದೆ ಮನೆಯಲ್ಲಿ ಇಟ್ಟುಕೊಂಡಿದ್ದರು ಅನ್ನುವ ಕಾರಣಕ್ಕೆ ಮೇಲ್ಮನವಿಯಲ್ಲಿ ಗೆದ್ದ. ಮಾದರಿ ತೆಗೆದುಕೊಂಡ ಆ ನೌಕರನ ಮೇಲೇ ಎಲ್ಲರ ಮುಂದೆ ಅನುಮಾನ ಹುಟ್ಟಿಸಿದ. ಒಂದು ವರ್ಷ ಕಳೆದು 2013ರಲ್ಲಿ ಬಯೋಜೆನೆಸಿಸ್ ಅನ್ನುವ ಕ್ಲಿನಿಕ್‌ನ ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬಿದ್ದು, ತಪ್ಪೊಪ್ಪಿಕೊಂಡು 65 ಪಂದ್ಯ ಕೂತ. ಎಂವಿಪಿ ಮಾತ್ರ ಇನ್ನೂ ಅವನ ಹೆಸರಲ್ಲೇ ಇದೆ. ನ್ಯಾಯದ ಮಾತು ಆಡುವಾಗ ನಾವು ಯಾವಾಗಲೂ ಆರೋಪ ಹೊತ್ತವನ ಕಡೆಯಿಂದ ಯೋಚನೆ ಮಾಡ್ತೀವಿ. ಅವನ ಪಕ್ಕದಲ್ಲಿ ನೇರವಾಗಿ ಆಡಿ ಎರಡನೇ ಸ್ಥಾನಕ್ಕೆ ಇಳಿದವನ ಕಡೆಯಿಂದ ಯಾರು ಯೋಚನೆ ಮಾಡ್ತಾರೆ?

ಮಿಲ್ವಾಕೀಬೆಣ್ಣೆದೋಸೆ

ಬ್ರೌನ್ ವಿಷಯದಲ್ಲಿ ಸಮರ್ಥನೆ ಇಲ್ಲ. ಆ ಸ್ಯಾಂಪಲ್ ತಗೊಂಡ ಮನುಷ್ಯ ತನ್ನ ಕೆಲಸ ಮಾಡಿದ್ದ, ಅಷ್ಟೇ. ಅವನ ಹೆಸರನ್ನು ಎಳೆದಾಡಿದ್ದು ಇಡೀ ಪ್ರಕರಣದಲ್ಲಿ ಅತಿ ಕೆಟ್ಟ ಭಾಗ.

ಫೆನ್ವೇಹತ್ರ, ಬಾಸ್ಟನ್

ಜೈಂಟ್ಸ್‌ನ ಮೆಲ್ಕಿ ಕ್ಯಾಬ್ರೆರಾ ಮರೆತುಹೋಯ್ತಾ? 2012ರಲ್ಲಿ ಆಲ್‌ಸ್ಟಾರ್ ಪಂದ್ಯದ ಎಂವಿಪಿ. ಆಗಸ್ಟ್‌ನಲ್ಲಿ 50 ಪಂದ್ಯ ನಿಷೇಧ. ತಪ್ಪಿಸಿಕೊಳ್ಳಲು ಅವನ ಕಡೆಯವರು ನಕಲಿ ವೆಬ್‌ಸೈಟ್ ಒಂದನ್ನು ಕಟ್ಟಿದ್ದರು!

ಅಂಕಿಪ್ರಿಯ, ಸನಿವೇಲ್

ಮರೆತಿಲ್ಲ. ಆಗ ಅವನ ಸರಾಸರಿ .346. ಪಂದ್ಯ ಕಮ್ಮಿಯಾದರೂ ನಿಯಮದ ಪ್ರಕಾರ ಬ್ಯಾಟಿಂಗ್ ಪ್ರಶಸ್ತಿ ಅವನಿಗೇ ಹೋಗುವ ಸಾಧ್ಯತೆ ಇತ್ತು. ತನ್ನನ್ನು ಪರಿಗಣಿಸಬೇಡಿ ಅಂತ ಅವನೇ ಕೇಳಿಕೊಂಡ. ಬಸ್ಟರ್ ಪೋಸಿ ಗೆದ್ದ. ನಿಷೇಧ ಮುಗಿದ ಮೇಲೂ ಜೈಂಟ್ಸ್ ಅವನನ್ನು ಪ್ಲೇಆಫ್‌ಗೆ ಸೇರಿಸಲಿಲ್ಲ. ಅವನಿಲ್ಲದೆ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್) ಗೆದ್ದರು. ಈ ಒಂದು ವಿಷಯದಲ್ಲಿ ನಮ್ಮ ತಂಡ ಸರಿಯಾಗಿ ನಡೆದುಕೊಂಡಿತು ಅಂತ ನನಗೆ ಹೆಮ್ಮೆ ಇದೆ.

ಬ್ರಾಂಕ್ಸ್‌ಬಸ್, ನ್ಯೂ ಜೆರ್ಸಿ

ಮಿಚೆಲ್ ವರದಿ ಅಂತ ಹೇಳಿದ್ರಲ್ಲ, ಅದರ ಬಗ್ಗೆ ಯಾಂಕೀಸ್ ಕಡೆಯವರ ಹೊಟ್ಟೆಯುರಿ ಇನ್ನೂ ಆರಿಲ್ಲ. 2007ರ ಡಿಸೆಂಬರ್ 13. ನೂರಾರು ಪುಟ, 89 ಆಟಗಾರರು. ಬರೆದವರು ಮಾಜಿ ಸೆನೆಟರ್ ಜಾರ್ಜ್ ಮಿಚೆಲ್. ಅವರು ಆಗ ರೆಡ್ ಸಾಕ್ಸ್‌ನ ನಿರ್ದೇಶಕರು! ಲೀಗ್‌ನ 30 ತಂಡಗಳ ಬಗ್ಗೆ ತನಿಖೆ ಮಾಡಲು ಒಂದು ತಂಡದ ನಿರ್ದೇಶಕರನ್ನೇ ಆರಿಸಿದರು. ವರದಿ ಬಂದಾಗ ಮೇಲೆದ್ದ ದೊಡ್ಡ ಹೆಸರುಗಳು ಕ್ಲೆಮೆನ್ಸ್, ಪೆಟ್ಟಿಟ್. ಅದೇ ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಬಾಸ್ಟನ್‌ನ ದೊಡ್ಡ ತಾರೆಗಳ ಹೆಸರು ಇರಲಿಲ್ಲ.

ಫೆನ್ವೇಹತ್ರ, ಬಾಸ್ಟನ್

ಇದು ಪ್ರತಿ ವರ್ಷ ಬರುತ್ತೆ. ವರದಿಗೆ ಸಾಕ್ಷಿ ಹೇಳಿದವರು ಯಾರು? ಮೆಟ್ಸ್‌ನ ಕ್ಲಬ್‌ಹೌಸ್‌ನಲ್ಲಿ ಕೆಲಸ ಮಾಡಿದ್ದ ಕರ್ಕ್ ರಾಡೊಮ್‌ಸ್ಕಿ. ಕ್ಲೆಮೆನ್ಸ್‌ನ ಟ್ರೇನರ್ ಬ್ರಯಾನ್ ಮ್ಯಾಕ್‌ನಮೀ. ಇಬ್ಬರೂ ನ್ಯೂಯಾರ್ಕ್ ಕಡೆಯವರು. ಫೆಡರಲ್ ತನಿಖೆಯಲ್ಲಿ ಸಿಕ್ಕಿಬಿದ್ದ ಕಾರಣಕ್ಕೆ ಬಾಯಿ ಬಿಟ್ಟರು. ಅವರಿಗೆ ಗೊತ್ತಿದ್ದ ಆಟಗಾರರ ಹೆಸರು ಹೇಳಿದರು. ಬಾಸ್ಟನ್‌ನಲ್ಲಿ ಅಂಥವನೊಬ್ಬ ಸಿಕ್ಕಿಬಿದ್ದಿದ್ದರೆ ಬಾಸ್ಟನ್ ಹೆಸರು ಬರ್ತಿತ್ತು. ಎರಿಕ್ ಗಾನ್ಯೆ 2007ರಲ್ಲಿ ನಮ್ಮ ತಂಡದಲ್ಲೇ ಇದ್ದ, ಅವನ ಹೆಸರು ಮುಚ್ಚಿಡಲಿಲ್ಲ. ಮೊ ವಾನ್ ಹೆಸರೂ ಇದೆ.

ಅಂಕಿಪ್ರಿಯ, ಸನಿವೇಲ್

ನೀವು ಹೇಳಿದ್ದರಲ್ಲೇ ದೊಡ್ಡ ವಿಷಯ ಇದೆ. ಆ 89 ಹೆಸರು ಅಂದರೆ "ತಗೊಂಡವರ ಪಟ್ಟಿ" ಅಲ್ಲ. ಸಿಕ್ಕಿಬಿದ್ದ ಕೆಲವು ಮಾರಾಟಗಾರರ ಗಿರಾಕಿಗಳ ಪಟ್ಟಿ. ಬೇರೆ ಊರಿನಲ್ಲಿ ಬೇರೆಯವನಿಂದ ತಗೊಂಡವನು ಇವತ್ತಿಗೂ ಶುದ್ಧ ಅನ್ನಿಸಿಕೊಂಡಿದ್ದಾನೆ. ಬಹುಶಃ ಹಾಲ್ ಆಫ್ ಫೇಮ್ ಒಳಗೂ ಇದ್ದಾನೆ. ಬಾಂಡ್ಸ್ ಬಗ್ಗೆ ಇಷ್ಟೊಂದು ಗೊತ್ತಾದದ್ದು ಲ್ಯಾಬ್ ಅವನ ಊರಿನಲ್ಲೇ ಇತ್ತು, ಸ್ಯಾನ್ ಫ್ರಾನ್ಸಿಸ್ಕೋ ಪತ್ರಿಕೆಯ ವರದಿಗಾರರು ಬಿಡದೆ ಹಿಂದೆ ಬಿದ್ದರು ಅನ್ನುವ ಕಾರಣಕ್ಕೆ. ಹಿಂದೆ ಬಿದ್ದದ್ದು ಒಳ್ಳೆಯದೇ. ಆದರೆ ಎಲ್ಲ ಊರಿನಲ್ಲೂ ಅಷ್ಟೇ ಗಟ್ಟಿಯಾಗಿ ಹುಡುಕಲಿಲ್ಲ.

ಶುಗರ್‌ಲ್ಯಾಂಡ್‌ಅಕ್ಕ, ಹ್ಯೂಸ್ಟನ್

ಹುಡುಕದೆ ಅನುಮಾನ ಪಟ್ಟದ್ದೂ ಇದೆ. ನಮ್ಮ ಜೆಫ್ ಬ್ಯಾಗ್‌ವೆಲ್. ಪಾಸಿಟಿವ್ ಪರೀಕ್ಷೆ ಇಲ್ಲ, ಮಿಚೆಲ್ ವರದಿಯಲ್ಲಿ ಹೆಸರಿಲ್ಲ, ಸಾಕ್ಷಿ ಹೇಳಿದವರಿಲ್ಲ. ತೋಳು ದಪ್ಪ ಇತ್ತು, ಅಷ್ಟೇ. ಅದಕ್ಕಾಗಿ 2011ರಿಂದ 2017ರವರೆಗೆ ಕಾಯಿಸಿದರು. ಮೆಟ್ಸ್‌ನ ಮೈಕ್ ಪಿಯಾಜಾ ಬೆನ್ನಿನ ಮೇಲೆ ಮೊಡವೆ ಇತ್ತು ಅಂತ ಒಬ್ಬ ಪತ್ರಕರ್ತ ಬರೆದ. ಅವರೂ 2016ರವರೆಗೆ ಕಾದರು. ಮೈಕಟ್ಟು ನೋಡಿ ಕಳ್ಳ ಅನ್ನುವುದು ಯಾವ ನ್ಯಾಯ?

ನೀಲಿಟೋಪಿ, ಇರ್ವೈನ್

ಬ್ಯಾಗ್‌ವೆಲ್ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ ಅಕ್ಕ. ಆದರೆ ಹ್ಯೂಸ್ಟನ್‌ನವರಿಂದ ನ್ಯಾಯದ ಪಾಠ ಕೇಳೋಕೆ ನನಗೆ ಕಷ್ಟ. 2017ರ ವರ್ಲ್ಡ್ ಸೀರೀಸ್ ನಮ್ಮ ಕೈಯಿಂದ ಹೋಯ್ತು. ಯಾವ ಎಸೆತ ಹಾಕಬೇಕು ಅಂತ ಕ್ಯಾಚರ್ ಪಿಚರ್‌ಗೆ ಮಾಡುವ ಸನ್ನೆಯನ್ನು ಕ್ಯಾಮೆರಾ ಇಟ್ಟು ನೋಡಿ, ಕಸದ ಡಬ್ಬ ಬಡಿದು ಬ್ಯಾಟರ್‌ಗೆ ತಿಳಿಸಿದ ತಂಡ ನಿಮ್ಮದು.

ಶುಗರ್‌ಲ್ಯಾಂಡ್‌ಅಕ್ಕ, ಹ್ಯೂಸ್ಟನ್

ಅದು ತಪ್ಪು. ನನ್ನ ಮಕ್ಕಳಿಗೂ ತಪ್ಪು ಅಂತಲೇ ಹೇಳಿದ್ದೀನಿ. ಆದರೆ ಲೀಗ್ ನಮಗೆ 50 ಲಕ್ಷ ಡಾಲರ್ ದಂಡ ಹಾಕಿತು, ಹೊಸ ಆಟಗಾರರನ್ನು ಆರಿಸಿಕೊಳ್ಳುವ ನಾಲ್ಕು ಡ್ರಾಫ್ಟ್ ಅವಕಾಶ ಕಿತ್ತುಕೊಂಡಿತು, ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಕೆಲಸ ಕಳೆದುಕೊಂಡರು. 2018ರಲ್ಲಿ ರೀಪ್ಲೇ ಕೋಣೆಯಿಂದ ಸನ್ನೆ ಕದ್ದದ್ದಕ್ಕೆ ಬಾಸ್ಟನ್‌ಗೂ ಶಿಕ್ಷೆ ಆಯ್ತು, ಡಗೌಟ್ ಫೋನ್ ಬಳಸಿದ್ದಕ್ಕೆ ಯಾಂಕೀಸ್‌ಗೂ ದಂಡ ಆಯ್ತು. ನಮ್ಮ ಆಟಗಾರ ಅಲ್ಟೂವೆಗೆ ಎಲ್ಲ ಊರಿನಲ್ಲೂ ಬೂ ಅಂತಾರೆ. ಬಾಸ್ಟನ್ ಆಟಗಾರರಿಗೆ ಎಲ್ಲಾದರೂ ಅಂತಾರಾ?

ಫೆನ್ವೇಹತ್ರ, ಬಾಸ್ಟನ್

ಪ್ರಮಾಣ ಬೇರೆ ಅಕ್ಕ. ಎರಡನ್ನೂ ಸಮ ಮಾಡಬೇಡಿ.

ಶುಗರ್‌ಲ್ಯಾಂಡ್‌ಅಕ್ಕ, ಹ್ಯೂಸ್ಟನ್

ನಮ್ಮ 2017ರ ತಂಡದ ಕಾರ್ಲೋಸ್ ಬೆಲ್ಟ್ರಾನ್, ನಾವು ಸನ್ನೆ ಕದ್ದದ್ದರ ಬಗ್ಗೆ ಲೀಗ್ ಕೊಟ್ಟ ವರದಿಯಲ್ಲಿ ಹೆಸರು ಬಂದ ಒಬ್ಬನೇ ಆಟಗಾರ. 2026ರ ಜನವರಿಯಲ್ಲಿ ಪತ್ರಕರ್ತರು ಅವರನ್ನು ಹಾಲ್‌ಗೆ ಕಳಿಸಿದರು. ಕೆಲವು ವರ್ಷ ಕಾಯಿಸಿದರು, ಆಮೇಲೆ ಕ್ಷಮಿಸಿದರು. ಬಾಂಡ್ಸ್‌ಗೆ ಯಾಕಿಲ್ಲ ಅಂತ ಕಿತ್ತಳೆಕಪ್ಪು ಅವರು ಕೇಳಿದರೆ ನನ್ನ ಬಳಿಯಂತೂ ಉತ್ತರ ಇಲ್ಲ.

ಕುಂದಾಪ್ರದವ, ಡಲ್ಲಾಸ್

ಬೇಸ್‌ಬಾಲ್ ಬಿಟ್ಟು ಒಂದು ಮಾತು ಮಾರಾಯ್ರೆ. ಇದನ್ನೆಲ್ಲ ಓದುವಾಗ ನನಗೆ ನಮ್ಮೂರ ಕಡೆಯ ಅಶ್ವಿನಿ ಅಕ್ಕುಂಜೆ ನೆನಪಾಗ್ತಾರೆ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ. ಆಮೇಲೆ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇ ಚಿನ್ನ. ಊರೆಲ್ಲ ಹಬ್ಬ. 2011ರಲ್ಲಿ ಅವರೂ ರಿಲೇಯ ಇನ್ನೂ ಕೆಲವರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿದರು. ವಿದೇಶಿ ಕೋಚ್ ತಂದುಕೊಟ್ಟ ಜಿನ್‌ಸೆಂಗ್ ಪೂರಕದಲ್ಲಿ ಬೆರಕೆ ಇತ್ತು ಅಂತ ಹೇಳಿದರು. ಮೊದಲು ಒಂದು ವರ್ಷದ ನಿಷೇಧ ಆಯ್ತು. ಆಮೇಲೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಹೋಯ್ತು.

ಅಲ್ಲಿ ನಿಯಮ ಒಂದೇ. ಮೈಯಲ್ಲಿ ಸಿಕ್ಕರೆ ಜವಾಬ್ದಾರಿ ನಿಮ್ಮದು. ಕೋಚ್ ಕೊಟ್ಟ, ಗೊತ್ತಿರಲಿಲ್ಲ ಅನ್ನುವುದರಿಂದ ಶಿಕ್ಷೆ ತಪ್ಪುವುದಿಲ್ಲ. ನಮ್ಮ ಹುಡುಗಿಗೆ ಅದು ಕಠಿಣ ಅಂತ ನಾವೆಲ್ಲ ಅತ್ತೆವು. ಆದರೆ ಅದೇ ನಿಯಮ ಕೋಟಿಗಟ್ಟಲೆ ಡಾಲರ್ ದುಡಿಯುವವರಿಗೆ ಬಂದಾಗ "ಅಗಸೆ ಎಣ್ಣೆ ಅಂದುಕೊಂಡಿದ್ದೆ" ಅನ್ನುವುದು ಸಾಕಾಗ್ತದಾ? ಒಬ್ಬ ಹಳ್ಳಿ ಹುಡುಗಿಗಿಂತ ಬಾಂಡ್ಸ್‌ಗೆ ವೈದ್ಯರೂ ವಕೀಲರೂ ಜಾಸ್ತಿಯೇ ಇದ್ದರಲ್ಲ?

ಕಿತ್ತಳೆಕಪ್ಪು, ಫ್ರೀಮಾಂಟ್

ಇದು ಗಟ್ಟಿ ಮಾತು. ಆದರೆ ಒಂದು ವ್ಯತ್ಯಾಸ ಗಮನಿಸಿ. ಅಶ್ವಿನಿ ಅವರಿಗೆ ನಿಯಮ ಇತ್ತು, ಪರೀಕ್ಷೆ ಇತ್ತು, ವಾದ ಮಾಡಲು ಜಾಗ ಇತ್ತು, ನಿಷೇಧಕ್ಕೆ ಕೊನೆ ಇತ್ತು. ಎರಡು ವರ್ಷ ಕಳೆದು ಮತ್ತೆ ಓಡಿದರು. ಬಾಂಡ್ಸ್ ಆಡಿದ ಹೆಚ್ಚಿನ ಕಾಲ ಲೀಗ್ ಶಿಕ್ಷೆ ಇರುವ ಪರೀಕ್ಷೆಯನ್ನೇ ಮಾಡಲಿಲ್ಲ. ಈಗ ಕೊನೆಯೇ ಇಲ್ಲದ ಶಿಕ್ಷೆ.

ನೀಲಿಟೋಪಿ, ಇರ್ವೈನ್

ನಿಯಮ ಇರಲಿಲ್ಲ ಅನ್ನುವುದು ಸರಿಯಲ್ಲ. 1991ರಲ್ಲೇ ಆಗಿನ ಕಮಿಷನರ್ ಫೇ ವಿನ್ಸೆಂಟ್ ಸ್ಟೀರಾಯ್ಡ್ ಕೂಡದು ಅಂತ ಎಲ್ಲ ತಂಡಗಳಿಗೂ ಬರೆದಿದ್ದರು. ವೈದ್ಯರ ಚೀಟಿ ಇಲ್ಲದೆ ಅದು ದೇಶದ ಕಾನೂನಿಗೂ ವಿರುದ್ಧ. ಇರದೇ ಇದ್ದದ್ದು ಪರೀಕ್ಷೆ ಮಾತ್ರ.

ಹಸಿರುಹಳದಿ, ಓಕ್ಲೆಂಡ್

ಆ ಪರೀಕ್ಷೆ ಯಾಕಿರಲಿಲ್ಲ? ಅದನ್ನು ಯಾರೂ ಕೇಳ್ತಿಲ್ಲ. 1994ರ ಮುಷ್ಕರದಲ್ಲಿ ವರ್ಲ್ಡ್ ಸೀರೀಸೇ ರದ್ದಾಯ್ತು. ಜನ ಸಿಟ್ಟಾಗಿ ಸ್ಟೇಡಿಯಂ ಬಿಟ್ಟರು. 1998ರಲ್ಲಿ ಮಾರ್ಕ್ ಮ್ಯಾಕ್‌ಗ್ವೈರ್ 70, ಸ್ಯಾಮಿ ಸೋಸಾ 66. ರೋಜರ್ ಮ್ಯಾರಿಸ್‌ನ 61ರ ದಾಖಲೆ 37 ವರ್ಷದ ಮೇಲೆ ಮುರಿಯಿತು. ಸ್ಟೇಡಿಯಂ ಮತ್ತೆ ತುಂಬಿತು. ಅದೇ ಬೇಸಿಗೆಯಲ್ಲಿ ಒಬ್ಬ ವರದಿಗಾರ ಮ್ಯಾಕ್‌ಗ್ವೈರ್ ಲಾಕರ್‌ನಲ್ಲಿ ಆಂಡ್ರೊ (ಸ್ಟೀರಾಯ್ಡ್ ಥರದ ಪೂರಕ) ಬಾಟಲಿ ನೋಡಿ ಬರೆದ. ಎಲ್ಲರೂ ಬೈದದ್ದು ವರದಿಗಾರನಿಗೆ!

ಆಟಗಾರರ ಸಂಘ ಪರೀಕ್ಷೆಗೆ ಒಪ್ಪಲಿಲ್ಲ. ಮಾಲೀಕರು ಪಟ್ಟು ಹಿಡಿಯಲಿಲ್ಲ. ಇಬ್ಬರಿಗೂ ದುಡ್ಡು ಬರುತ್ತಿತ್ತು. ಆಗ ಕಮಿಷನರ್ ಆಗಿದ್ದ ಬಡ್ ಸೀಲಿಗ್ 2017ರಲ್ಲಿ ಹಾಲ್ ಆಫ್ ಫೇಮ್‌ಗೆ ಹೋದರು. ಆಮೇಲೆ ಸ್ಟೀರಾಯ್ಡ್ ಒಪ್ಪಿಕೊಂಡ ಮ್ಯಾಕ್‌ಗ್ವೈರ್, ಕಾನ್ಸೆಕೊ ಇಬ್ಬರಿಗೂ ಓಕ್ಲೆಂಡ್‌ನಲ್ಲಿ ಮ್ಯಾನೇಜರ್ ಆಗಿದ್ದ ಟೋನಿ ಲಾ ರುಸಾ 2014ರಲ್ಲೇ ಹೋದರು. ನೆರಳಲ್ಲಿ ಕೂತು ಲಾಭ ಉಂಡವರು ಒಳಗೆ, ಬಿಸಿಲಲ್ಲಿ ಆಡಿದವರು ಹೊರಗೆ. ನಾನು ಓಕ್ಲೆಂಡ್ ಎ'ಸ್ ತಂಡದ ಕಡೆಯವನು. ಆ ದಿನಗಳನ್ನು ಕಣ್ಣಾರೆ ನೋಡಿದವನು. ಸೀಲಿಗ್ ಒಳಗಿದ್ದ ಮೇಲೆ ಬಾಂಡ್ಸ್ ಹೊರಗಿರುವುದನ್ನು ನಾನು ಒಪ್ಪಲ್ಲ.

ಜಯನಗರ4ನೇಬ್ಲಾಕ್, ಬೆಂಗಳೂರು

ಇದು ಹೊಸ ವಿಷಯ. ಮಾಲೀಕರಿಗೆ ಶಿಕ್ಷೆಯೇ ಆಗಲಿಲ್ವಾ?

ಹಸಿರುಹಳದಿ, ಓಕ್ಲೆಂಡ್

ಇಲ್ಲ. ನಮಗೆ ಮಾಲೀಕರ ಬಗ್ಗೆ ಕೇಳಬೇಡಿ. 2024ರ ನಂತರ ನಮ್ಮ ತಂಡವನ್ನೇ ಊರಿನಿಂದ ಎತ್ತಿಕೊಂಡು ಹೋದರು. ಈಗ ಸ್ಯಾಕ್ರಮೆಂಟೊದಲ್ಲಿ ಆಡ್ತಾರೆ. ಅದಕ್ಕೆ ಬೇರೆ ಚರ್ಚೆಯೇ ಬೇಕು.

ಪಡುವಲತೀರ, ಸ್ಯಾನ್ ಡಿಯಾಗೊ

2006ರ ಮೊದಲ ಪಂದ್ಯದಲ್ಲಿ ನಮ್ಮ ಸ್ಟೇಡಿಯಂನಲ್ಲಿ ಯಾರೋ ಬಾಂಡ್ಸ್ ಕಡೆಗೆ ಸಿರಿಂಜ್ ಎಸೆದರು. ಅದನ್ನು ಕೆಲವರು ಇವತ್ತಿಗೂ ಖುಷಿಯಿಂದ ಹೇಳಿಕೊಳ್ತಾರೆ. 2022ರ ಆಗಸ್ಟ್‌ನಲ್ಲಿ ನಮ್ಮ ಫರ್ನಾಂಡೊ ಟಾಟಿಸ್ ಜೂನಿಯರ್ ಕ್ಲೊಸ್ಟೆಬಾಲ್ ಅನ್ನುವ ಸ್ಟೀರಾಯ್ಡ್‌ಗೆ ಸಿಕ್ಕಿ 80 ಪಂದ್ಯ ನಿಷೇಧಕ್ಕೆ ಒಳಗಾದ. ಹುಳುಕಡ್ಡಿಗೆ ಹಚ್ಚಿದ ಮುಲಾಮಿನಿಂದ ಬಂತು ಅಂದ. ಅವನು ವಾಪಸ್ ಬಂದಾಗ ನಮ್ಮವರೇ ಕುಣಿದರು, ನಾನೂ ಕುಣಿದೆ. ಬೇರೆ ಊರುಗಳಲ್ಲಿ ಅವನಿಗೆ "ಸ್ಟೀರಾಯ್ಡ್" ಅಂತ ಕೂಗಿದಾಗ ನಮಗೆ ಸಿಟ್ಟು ಬಂತು. ಅವನು ಶಿಕ್ಷೆ ಮುಗಿಸಿದ್ದಾನೆ, ಬಿಡಿ ಅಂತ ನಾವು ಹೇಳ್ತೀವಿ. ಆದರೆ ನಮ್ಮವರು ಬಾಂಡ್ಸ್‌ಗೆ ಅದನ್ನು ಹೇಳಲಿಲ್ಲ.

ಬ್ರಾಂಕ್ಸ್‌ಬಸ್, ನ್ಯೂ ಜೆರ್ಸಿ

2013ರ ಆಗಸ್ಟ್, ಫೆನ್ವೇ. ಅದೇ ಬಯೋಜೆನೆಸಿಸ್ ಕೇಸಿನ ನಿಷೇಧದ ವಿರುದ್ಧ ಎ-ರಾಡ್ ಮೇಲ್ಮನವಿ ಇನ್ನೂ ನಡೆಯುತ್ತಿತ್ತು. ಬಾಸ್ಟನ್ ಪಿಚರ್ ರಯಾನ್ ಡೆಂಪ್‌ಸ್ಟರ್ ಬೇಕಂತಲೇ ಚೆಂಡನ್ನು ಅವನ ಮೈಗೆ ಹೊಡೆದ. ಸ್ಟೇಡಿಯಂ ಕುಣಿಯಿತು. ಅದೇ ಪಂದ್ಯದಲ್ಲಿ ಎ-ರಾಡ್ ಅವನ ಚೆಂಡನ್ನೇ ಹೋಮ್ ರನ್ ಹೊಡೆದ, ಯಾಂಕೀಸ್ ಗೆದ್ದರು. ಡೆಂಪ್‌ಸ್ಟರ್‌ಗೆ 5 ಪಂದ್ಯ ನಿಷೇಧ. ಎ-ರಾಡ್ 2014ರ ಇಡೀ ಸೀಸನ್ ಕೂತ. ಅದು ಅವನಿಗೆ ಆಗಬೇಕಾದದ್ದೇ. ಆದರೆ ಶಿಕ್ಷೆ ಕೊಡುವುದು ಪಿಚರ್ ಕೆಲಸ ಅಲ್ಲ.

ಫೆನ್ವೇಹತ್ರ, ಬಾಸ್ಟನ್

ಅದು ತಪ್ಪು, ಒಪ್ತೀನಿ. ತಲೆಗೆ ಬಿದ್ದಿದ್ದರೆ ಗತಿ ಏನಾಗ್ತಿತ್ತು?

ಅಂಕಿಪ್ರಿಯ, ಸನಿವೇಲ್

ನನ್ನ ಸಲಹೆ ಹೀಗಿದೆ. 2004ರಿಂದ ಶಿಕ್ಷೆ ಇರುವ ಪರೀಕ್ಷೆ ಇದೆ. ಅದಾದ ಮೇಲೆ ಸಿಕ್ಕಿಬಿದ್ದು ಶಿಕ್ಷೆ ಆದವನಿಗೆ ಹಾಲ್ ಬೇಡ. ಅದಕ್ಕೂ ಮೊದಲಿನವರಿಗೆ ಆಟ ನೋಡಿ ಮತ ಹಾಕಿ, ಫಲಕದ ಮೇಲೆ ಎಲ್ಲ ಸತ್ಯ ಬರೆಯಿರಿ. ಬಾಲ್ಕೋ, ಗ್ರ್ಯಾಂಡ್ ಜ್ಯೂರಿ, ಎಲ್ಲ. ಬಾಂಡ್ಸ್ ಹಳೆಯ ದಾಖಲೆ ಮುರಿದ 756ನೇ ಹೋಮ್ ರನ್ ಚೆಂಡಿನ ಮೇಲೆ ಅನುಮಾನದ ಗುರುತಾಗಿ ನಕ್ಷತ್ರ ಚಿಹ್ನೆ ಕೊರೆದು ಈಗಾಗಲೇ ಆ ಮ್ಯೂಸಿಯಂಗೆ ಕೊಟ್ಟಿದ್ದಾರೆ. ಚೆಂಡಿಗೆ ಜಾಗ ಇದೆ, ಹೊಡೆದವನಿಗೆ ಇಲ್ಲ.

ಬ್ರಾಂಕ್ಸ್‌ಬಸ್, ನ್ಯೂ ಜೆರ್ಸಿ

ಈ ಲೆಕ್ಕದಲ್ಲಿ ನಮ್ಮ ಎ-ರಾಡ್ ಹೊರಗೆ. ಕ್ಲೆಮೆನ್ಸ್, ಪೆಟ್ಟಿಟ್ ಮತಕ್ಕೆ ಅರ್ಹರು. ಒಪ್ಪಿದೆ. ಇನ್ನೊಂದು: 2022ರಲ್ಲಿ ನಮ್ಮ ಆರನ್ ಜಡ್ಜ್ 62 ಹೊಡೆದಾಗ ಇದೇ ನಿಜವಾದ ದಾಖಲೆ ಅಂತ ತುಂಬಾ ಜನ ಹೇಳಿದರು. ಜಡ್ಜ್ ಮಾತ್ರ ದಾಖಲೆ 73 ಅಂತಲೇ ಹೇಳಿದ. ಕ್ಯಾಲಿಫೋರ್ನಿಯಾದಲ್ಲಿ ಬಾಂಡ್ಸ್ ಆಟ ನೋಡುತ್ತ ಬೆಳೆದ ಹುಡುಗ ಅವನು.

ಫೆನ್ವೇಹತ್ರ, ಬಾಸ್ಟನ್

ಮ್ಯಾನಿ ಹೊರಗೆ, 2009 ಮತ್ತು 2011ರಲ್ಲಿ ಎರಡು ಸಲ ಸಿಕ್ಕ. ನಾನು ಅವನನ್ನು ತುಂಬಾ ಇಷ್ಟಪಟ್ಟವನು. ಆದರೂ ಒಪ್ತೀನಿ. ಕ್ಲೆಮೆನ್ಸ್ ಮಾತ್ರ ನನಗೆ ಕಷ್ಟ.

ಬ್ರಾಂಕ್ಸ್‌ಬಸ್, ನ್ಯೂ ಜೆರ್ಸಿ

ಬಾಸ್ಟನ್‌ಗೆ 192 ಪಂದ್ಯ ಗೆದ್ದುಕೊಟ್ಟವನು. ನಮ್ಮ ಜರ್ಸಿ ಹಾಕದೇ ಇದ್ದಿದ್ದರೆ ನಿಮಗೆ ಕಷ್ಟ ಆಗ್ತಿತ್ತಾ?

ಫೆನ್ವೇಹತ್ರ, ಬಾಸ್ಟನ್

ಬಹುಶಃ ಇಷ್ಟು ಆಗ್ತಿರಲಿಲ್ಲ.

ನೀಲಿಟೋಪಿ, ಇರ್ವೈನ್

ನಾನು ಒಪ್ಪಲ್ಲ. ಸಿಕ್ಕಿಬೀಳದಂತೆ ಲ್ಯಾಬ್‌ನವರೇ ತಯಾರಿಸಿದ ವಸ್ತುವನ್ನು ಬಳಸಿದವನಿಗೆ "ಆಗ ಪರೀಕ್ಷೆ ಇರಲಿಲ್ಲ" ಅನ್ನುವ ರಿಯಾಯಿತಿ ಯಾಕೆ? ಗಾನ್ಯೆಗೂ ಬೇಡ, ಬಾಂಡ್ಸ್‌ಗೂ ಬೇಡ. ನನ್ನ ಅಳತೆ ಎರಡೂ ಜರ್ಸಿಗೆ ಒಂದೇ. ಸೀಲಿಗ್ ವಿಷಯದಲ್ಲಿ ಮಾತ್ರ ಹಸಿರುಹಳದಿ ಅವರ ಜೊತೆ ನಾನಿದ್ದೀನಿ.

ಕಿತ್ತಳೆಕಪ್ಪು, ಫ್ರೀಮಾಂಟ್

ಅಳತೆ ಒಂದೇ ಇದ್ದರೆ ನನಗೆ ಜಗಳ ಇಲ್ಲ. ಮತ ಹಾಕುವವರೂ ನಿಮ್ಮ ಹಾಗೆ ಇದ್ದಿದ್ದರೆ ಓರ್ಟೀಜ್ ಪ್ರಶ್ನೆಯನ್ನು ನಾನು ಎತ್ತುತ್ತಲೇ ಇರಲಿಲ್ಲ.

ಜಯನಗರ4ನೇಬ್ಲಾಕ್, ಬೆಂಗಳೂರು

ಇಷ್ಟೆಲ್ಲ ಓದಿದ ಮೇಲೆ ಬಾಂಡ್ಸ್ ಆಟ ನೋಡಬೇಕು ಅನ್ನಿಸ್ತಿದೆ. ಯಾವ ಪಂದ್ಯ ನೋಡಲಿ?

ಕಿತ್ತಳೆಕಪ್ಪು, ಫ್ರೀಮಾಂಟ್

2001ರ ಅಕ್ಟೋಬರ್ 5, ಡಾಡ್ಜರ್ಸ್ ವಿರುದ್ಧ. ಚಾನ್ ಹೊ ಪಾರ್ಕ್ ಎಸೆತಕ್ಕೆ 71 ಮತ್ತು 72ನೇ ಹೋಮ್ ರನ್. ಅದೇ ರಾತ್ರಿ ನಾವು 11-10ರಲ್ಲಿ ಸೋತು ಪ್ಲೇಆಫ್‌ನಿಂದ ಹೊರಬಿದ್ದೆವು.

ನೀಲಿಟೋಪಿ, ಇರ್ವೈನ್

ಅದೂ ನೋಡಿ. ಆದರೆ ಮೊದಲು 2004ರ ಏಪ್ರಿಲ್ 16ರದ್ದು ನೋಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂಬತ್ತನೇ ಇನಿಂಗ್ಸ್, ನಾವು 3-0 ಮುಂದೆ. ಆಗ ಎಲ್ಲ ತಂಡಗಳೂ ಬಾಂಡ್ಸ್‌ಗೆ ಹೆದರಿ ಬೇಕಂತಲೇ ವಾಕ್ (ಹೊಡೆಯುವಂಥ ಚೆಂಡು ಹಾಕದೆ ಮೊದಲ ಬೇಸ್‌ಗೆ ಬಿಡುವುದು) ಕೊಡುತ್ತಿದ್ದವು. ಗಾನ್ಯೆ ಕೊಡಲಿಲ್ಲ. ನೂರು ಮೈಲಿ ವೇಗದಲ್ಲಿ ನೇರಕ್ಕೆ ನೇರ ಎಸೆದ. ಒಂದನ್ನು ಬಾಂಡ್ಸ್ ಸ್ಟೇಡಿಯಂ ಪಕ್ಕದ ನೀರಿಗೆ ಅಟ್ಟಿದ, ಫೌಲ್ ಆಯ್ತು. ಆಮೇಲಿನದನ್ನು ಸೆಂಟರ್ ಫೀಲ್ಡ್ ಆಚೆ ಹಾಕಿದ. 3-2. ಮುಂದಿನವರನ್ನು ಗಾನ್ಯೆ ಔಟ್ ಮಾಡಿ ಗೆಲ್ಲಿಸಿದ. ಇಬ್ಬರ ಹೆಸರೂ ಮಿಚೆಲ್ ವರದಿಯಲ್ಲಿದೆ. ಅದು ಗೊತ್ತಿದ್ದೂ ನಾನು ಅದನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡ್ತೀನಿ.